ಮಾರ್ಗಶಿರದ ಮಾವಿನ ವಾಸನೆ

ಬೆಳಗಾವಿಯ ಖಾಸಬಾಗದಲ್ಲಿ ನಾನು ದವಾಖಾನೆ ತೆರೆದು ಈಗ ಇಪ್ಪತ್ತೆಂಟು ವರ್ಷ. ಅದಕ್ಕೂ ಮೊದಲು ನಾಲ್ಕು ವರ್ಷ ಖಾನಾಪುರ ತಾಲ್ಲೂಕಿನಲ್ಲಿ ಸರ್ಕಾರಿ ವೈದ್ಯೆಯಾಗಿದ್ದೆ. ನಾನು ಯಾವ ರೋಗದ ತಜ್ಞೆಯೂ ಅಲ್ಲ. ನೆಗಡಿ, ಬಿ.ಪಿ., ಶುಗರ್, ಮಕ್ಕಳ ವಾಂತಿ, ಅತ್ತೆ-ಸೊಸೆಯರ ಬೆನ್ನುನೋವು ನೋಡುವ ಸಾದಾ ಫ್ಯಾಮಿಲಿ ಡಾಕ್ಟರ್. ಆದರೆ ನನ್ನ ಮೂಗಿನ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು. ಖಾನಾಪುರದಲ್ಲಿ ರಾತ್ರಿಯೆಲ್ಲ ಸಾರಾಯಿ ಕುಡಿದವನು ಬೆಳಿಗ್ಗೆ ಬಾಯಿ ತೊಳೆದುಕೊಂಡು ಬಂದು "ಬರೇ ಹೊಟ್ಟಿ ನೋವ್ರೀ" ಎಂದರೆ, ಅವನು ಬಾಗಿಲು ದಾಟುವ ಮೊದಲೇ ನನಗೆ ಗೊತ್ತಾಗಿಬಿಡುತ್ತಿತ್ತು.

ಆ ಜಂಬ ಇಳಿದದ್ದು ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ. ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಬಹುದೇ ಎಂದು ಆ ಮನೆಯ ಅಜ್ಜಿಯನ್ನೂ ಮೊಮ್ಮಗನನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ದೀಪಾವಳಿ ಕಳೆದು ಕೆಲವು ವಾರಗಳಾಗಿದ್ದವು. ಅಕ್ಕಾತಾಯಿ ಎಂಬ ಎಪ್ಪತ್ತನಾಲ್ಕರ ಹಿರಿಯರನ್ನು ಅವರ ಸೊಸೆ ತ್ರಿಶಲಾ ನನ್ನಲ್ಲಿಗೆ ಕರೆದುಕೊಂಡು ಬಂದಳು. ಹಳೆಯ ಜೈನ ಮನೆತನ. ಮಗ ಭರತೇಶ ಪೇಟೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ನಡೆಸುತ್ತಾರೆ. ಮನೆಮಂದಿಯೆಲ್ಲ ಅಕ್ಕಾತಾಯಿಯವರನ್ನು ಆಯಿ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ; ಅವರಿಗೆ ನಾನು ಬಾಯಾರ, ಅಂದರೆ ಅಮ್ಮಾವರು. ಮಳೆಗಾಲದಲ್ಲಿ ಐವತ್ತೆರಡು ಕಿಲೋ ಇದ್ದ ಆಯಿ ಈಗ ನಲವತ್ತಾರಕ್ಕೆ ಇಳಿದಿದ್ದರು. ಈ ವಯಸ್ಸಿನಲ್ಲಿ ಕಾರಣವಿಲ್ಲದೆ ತೂಕ ಇಳಿದರೆ ಡಾಕ್ಟರಿಗೆ ನಿದ್ದೆ ಬರುವುದಿಲ್ಲ. ಶುಗರ್, ಥೈರಾಯ್ಡ್, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಮಾಡಿಸಿದೆ. ಎಲ್ಲವೂ ಸರಿಯಾಗಿದ್ದವು.

ರಿಪೋರ್ಟ್ ತೋರಿಸಲು ಬಂದ ದಿನ ಆಯಿ ಸೊಸೆಯನ್ನು ಹೊರಗೆ ಕುಳಿತುಕೊಳ್ಳಲು ಹೇಳಿದರು. ಬಾಗಿಲು ಮುಚ್ಚಿದ ಮೇಲೆ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

"ಬಾಯಾರ, ನನಗ ಮಾವಿನ ಹಣ್ಣಿನ ವಾಸನಿ ಬರತೈತ್ರಿ."

"ಈ ಥಂಡ್ಯಾಗ ಮಾವಿನ ಹಣ್ಣ ಎಲ್ಲಿಂದ ಬರಬೇಕ್ರೀ ಆಯಿ?"

"ಅದನ್ನ ನಾ ಹೇಳಾಕತ್ತೀನಿ."

ಇಪ್ಪತ್ತು ವರ್ಷದ ಹಿಂದೆ ಆಯಿ ಸಮ್ಮೇದ ಶಿಖರಜಿ ಯಾತ್ರೆಗೆ ಹೋಗಿದ್ದರಂತೆ. ಅಲ್ಲಿಗೆ ಹೋದವರು ತಮಗೆ ಬಹಳ ಇಷ್ಟವಾದ ಒಂದನ್ನು ಬಿಟ್ಟು ಬರುವುದು ಅವರ ಮನೆತನದ ಪದ್ಧತಿ. ಹೀಗೆ ಬಿಡುವುದನ್ನು ಅವರು ನಿಯಮ ಎನ್ನುತ್ತಾರೆ. ಎಷ್ಟೋ ಜನ ತಾವು ಹೇಗೂ ತಿನ್ನದ ಹಾಗಲಕಾಯಿಯನ್ನು ಬಿಟ್ಟು ಬರುತ್ತಾರೆ ಎಂದು ಆಯಿಯೇ ನಗುತ್ತ ಹೇಳಿದರು. ಅವರು ಮಾತ್ರ ಮಾವಿನ ಹಣ್ಣನ್ನು ಬಿಟ್ಟಿದ್ದರು. ಬೇಸಿಗೆಯಲ್ಲಿ ಊಟದ ಬದಲು ಹಣ್ಣನ್ನೇ ತಿನ್ನುತ್ತಿದ್ದ ಹೆಂಗಸು ಅಂದಿನಿಂದ ಒಂದು ಹೋಳನ್ನೂ ಮುಟ್ಟಿರಲಿಲ್ಲ.

"ಬಾಯಿ ಬಿಟ್ಟೈತ್ರಿ, ಮನಸು ಬಿಟ್ಟಿಲ್ಲ. ಸಂಜೀಕ ಜಪಕ್ಕ ಕುಂತ್ರ ಸಾಕು, ಘಮ್ ಅಂತ ಬರತೈತಿ. ಒಳಗಿಂದೊಳಗ ಮನಸು ಹಣ್ಣ ತಿನ್ನಾಕತ್ತೈತಿ. ಅದಕ್ಕ ವಾಸನಿ ಬಂದ ಹೊತ್ತು ಊಟಾ ಬಿಡತೀನಿ."

ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ. ಆಯಿಗೆ ಮಧ್ಯಾಹ್ನ ಒಂದು, ಹೊತ್ತು ಮುಳುಗುವ ಮೊದಲು ಒಂದು, ಹೀಗೆ ದಿನಕ್ಕೆ ಎರಡೇ ಊಟ. ಅದರಲ್ಲಿ ಸಂಜೆಯದು ಹೆಚ್ಚುಕಡಿಮೆ ನಿಂತೇಹೋಗಿತ್ತು. "ಹಸಿವಿಲ್ಲ" ಎಂದು ಸೊಸೆಗೆ ಹೇಳಿ ತಟ್ಟೆ ವಾಪಸು ಕಳಿಸುತ್ತಿದ್ದರು. ತೂಕ ಇಳಿದ ಕಾರಣವೇನೋ ಸಿಕ್ಕಿತು, ಆದರೆ ನನಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ.

"ಆಯಿ, ನಿಯಮ ಬಾಯಿಗೋ, ಮೂಗಿಗೋ?" ಎಂದು ವಾದಕ್ಕಿಳಿದೆ.

"ಮನಸಿಗ್ರೀ," ಎಂದರು.

ಇಲ್ಲದ ವಾಸನೆ ಮೂಗಿಗೆ ಬರುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಫ್ಯಾಂಟೋಸ್ಮಿಯಾ ಎಂಬ ಹೆಸರಿದೆ. ಸೈನಸ್ ತೊಂದರೆಯಿಂದ ಬರಬಹುದು, ಕೋವಿಡ್ ಆದವರಿಗೂ ಬಂದದ್ದುಂಟು. ಅಪರೂಪಕ್ಕೆ ಮೆದುಳಿನ ಗಡ್ಡೆಯ ಮೊದಲ ಸೂಚನೆಯೂ ಆಗಿರಬಹುದು. ಇಂಥ ಅಪರೂಪದ್ದು ಒಮ್ಮೆ ತಲೆಗೆ ಹೊಕ್ಕರೆ ಡಾಕ್ಟರಾದವಳಿಗೆ ಬೇರೇನೂ ಕಾಣುವುದಿಲ್ಲ. ಮಾವಿನ ಹಣ್ಣಿನ ವಿಷಯವನ್ನು ಮನೆಯಲ್ಲಿ ಯಾರಿಗೂ ಹೇಳಕೂಡದು ಎಂದು ಆಯಿ ನನ್ನಿಂದ ಮಾತು ತೆಗೆದುಕೊಂಡರು. ಹಾಗಾಗಿ "ವಾಸನೆಯ ನರದ ತೊಂದರೆ ಇರಬಹುದು, ತಲೆಯ ಎಂ.ಆರ್.ಐ. ಮಾಡಿಸಿ" ಎಂದಷ್ಟೇ ಬರೆದುಕೊಟ್ಟೆ. ತಲೆಯ ಸ್ಕ್ಯಾನ್ ಎಂದದ್ದೇ ತಡ, ಇಡೀ ಮನೆ ಗಾಬರಿಯಾಯಿತು.

ಆಯಿಯನ್ನು ಸ್ಕ್ಯಾನಿಗೆ ಕರೆದೊಯ್ದವನು ಮೊಮ್ಮಗ ಸನ್ಮತಿ. ಹದಿನೇಳು ವರ್ಷ, ಪಿ.ಯು.ಸಿ. ಎರಡನೇ ವರ್ಷ, ಸೈನ್ಸ್. ಹುಟ್ಟಿದಾಗಿನಿಂದ ನನ್ನ ಪೇಷಂಟ್. ಇಂಜೆಕ್ಷನ್ ಎಂದರೆ ಟೇಬಲ್ ಕೆಳಗೆ ನುಸುಳುತ್ತಿದ್ದವನು. ಆಯಿಯ ಚಪ್ಪಲಿಯನ್ನೂ ಬಳೆಗಳನ್ನೂ ಕೈಯಲ್ಲಿ ಹಿಡಿದುಕೊಂಡು ಯಂತ್ರದ ಕೋಣೆಯ ಹೊರಗೆ ನಿಂತಿದ್ದನಂತೆ. ಅದೇ ಸಂಜೆ ದವಾಖಾನೆಗೆ ಒಬ್ಬನೇ ಬಂದ.

"ಮ್ಯಾಡಮ್, ಆಯಿಗೆ ಟ್ಯೂಮರ್ ಏನ್ರೀ?"

ರಿಪೋರ್ಟ್ ಬರುವ ತನಕ ಏನೂ ಹೇಳಲಿಕ್ಕೆ ಬರುವುದಿಲ್ಲ ಎಂದೆ. ಅವನು ತಲೆಯಾಡಿಸಿ ಹೋದ. ಹೋಗುವಾಗ ಅವನ ಮುಖ ನೋಡಿ ನನಗೆ ಸಂಕಟವಾಗಿತ್ತು.

ರಿಪೋರ್ಟ್ ನಾರ್ಮಲ್ ಬಂತು. ಕಿವಿ-ಮೂಗು-ಗಂಟಲಿನ ಡಾಕ್ಟರೂ ಮೂಗು ಸರಿಯಾಗಿದೆ ಎಂದರು. ಆಮೇಲೆ ಆಯಿ ವಿಶ್ರಾಂತಿಗೆಂದು ಹಿಂದವಾಡಿಯಲ್ಲಿರುವ ಮಗಳ ಮನೆಗೆ ಹೋಗಿ ಎಂಟು ದಿನ ಇದ್ದು ಬಂದರು. ಅಲ್ಲಿ ವಾಸನೆ ಬರಲಿಲ್ಲ, ಎರಡು ಹೊತ್ತೂ ಚೆನ್ನಾಗಿ ಉಂಡರು, ಮುಖಕ್ಕೆ ಕಳೆ ಬಂತು. ಈ ಸುದ್ದಿ ಕೇಳಿದ ಕೂಡಲೇ ನನಗೆ ಹೊಳೆಯಬೇಕಿತ್ತು. ಆಯಿ ಅದಕ್ಕೆ ತಮ್ಮದೇ ಅರ್ಥ ಹಚ್ಚಿಕೊಂಡಿದ್ದರು.

"ಮಗಳ ಮನ್ಯಾಗ ಮನಸು ಬೀಗರಂಗ ಶಿಸ್ತಿಲೆ ಇರತೈತ್ರಿ. ತನ್ನ ಮನಿಗೆ ಬಂತಂದ್ರ ಖರೇ ಗುಣಾ ತೋರಸ್ತೈತಿ."

ನಾನು ನಕ್ಕೆ. ನಕ್ಕು, ಒಂದು ಟಾನಿಕ್ ಬರೆದುಕೊಟ್ಟೆ. ಯಂತ್ರಕ್ಕೆ ಕಾಣದ್ದು ಮನಸ್ಸಿನದೇ ಇರಬೇಕೆಂದು ಆಯಿಗೆ ಈಗ ಖಾತ್ರಿಯಾಗಿತ್ತು. ಪ್ರಾಯಶ್ಚಿತ್ತವನ್ನು ಇನ್ನಷ್ಟು ಬಿಗಿ ಮಾಡಿದರು. ಸಂಜೆ ವಾಸನೆ ಬಂದರೆ ಮರುದಿನ ಮಧ್ಯಾಹ್ನದ ಊಟವನ್ನೂ ಬಿಡತೊಡಗಿದರು. ಕೆಲವೇ ದಿನಗಳಲ್ಲಿ ಬಸದಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಕುಸಿದರು. ಮೂಳೆ ಮುರಿಯದಿದ್ದದ್ದು ಪುಣ್ಯ. ದವಾಖಾನೆಗೆ ಬರಲಾರರು, ನೀವೇ ಬರಬೇಕು ಎಂದು ತ್ರಿಶಲಾ ಫೋನ್ ಮಾಡಿದಳು.

ನಾನು ಹೋದಾಗ ಸಂಜೆ ಐದರ ಮೇಲಾಗಿತ್ತು. ಆಯಿಯ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಮೇಲೆ ಹೊಸ ಮಹಡಿ ಕಟ್ಟಿಸುವಾಗ ಗಾಳಿ-ಬೆಳಕಿಗೆಂದು ಒಂದು ಇಕ್ಕಟ್ಟಾದ ಖಾಲಿ ಜಾಗ ಬಿಟ್ಟಿದ್ದರು, ಕೋಣೆಯ ಕಿಟಕಿ ಅದಕ್ಕೆ ತೆರೆಯುತ್ತಿತ್ತು. ಬಿ.ಪಿ. ನೋಡಿದೆ, ತೀರ ಕಡಿಮೆ. ಇವರು ಹೀಗೇ ನಡೆಸಿದರೆ ಬೇಸಿಗೆ ಕಾಣುವುದಿಲ್ಲ ಎಂದು ನನಗೆ ನಿಜಕ್ಕೂ ಭಯವಾಯಿತು. ತೋಳಿನ ಪಟ್ಟಿ ಬಿಚ್ಚುತ್ತಿದ್ದಾಗ ಸಣ್ಣಗೆ ಫ್ಯಾನಿನ ಸದ್ದು ಕೇಳಿಸಿತು. ಹಿಂದೆಯೇ ಆ ವಾಸನೆ ಬಂತು. ಮಾಗಿದ ಆಪೂಸು ಮಾವಿನ ಪೆಟ್ಟಿಗೆಯನ್ನು ಪಕ್ಕದಲ್ಲೇ ಯಾರೋ ತೆರೆದಂತಿತ್ತು.

ಆಯಿ ಕಣ್ಣು ಮುಚ್ಚಿ ಮಂತ್ರ ಹೇಳಿಕೊಳ್ಳತೊಡಗಿದ್ದರು.

"ಆಯಿ, ನನಗೂ ಬಂತ್ರಿ."

ಕಣ್ಣು ತೆರೆದರು. "ಏನ್ ಬಂತು?"

"ಮಾವಿನ ಹಣ್ಣು."

ನನ್ನನ್ನೇ ದಿಟ್ಟಿಸಿದರು. "ನೀವೂ ಬಿಟ್ಟೀರೇನ್ರಿ?"

ಇಷ್ಟು ತಿಂಗಳಲ್ಲಿ ಆಯಿ ಯಾರನ್ನೂ ‘ನಿನಗೂ ಈ ವಾಸನೆ ಬರುತ್ತದೆಯೇ’ ಎಂದು ಕೇಳಿರಲಿಲ್ಲ. ಕೇಳಿದರೆ ತಮ್ಮ ಆಸೆ ಬಯಲಾಗುತ್ತದೆಂಬ ನಾಚಿಕೆ. ತ್ರಿಶಲಾಗೂ ಒಂದೆರಡು ಸಲ ವಾಸನೆ ಬಂದಿತ್ತೆಂದು ಆಮೇಲೆ ತಿಳಿಯಿತು. ಮಗನ ಬಾಡಿ ಸ್ಪ್ರೇ ಇರಬೇಕೆಂದು ಸುಮ್ಮನಾಗಿದ್ದಳು. ಫ್ಯಾನಿನ ಸದ್ದು ಕಿಟಕಿಯ ಮೇಲಿನಿಂದ, ಮಹಡಿಯ ಕಡೆಯಿಂದ ಬರುತ್ತಿತ್ತು. ಈಗ ಬರುತ್ತೇನೆಂದು ಆಯಿಗೆ ಹೇಳಿ ನಾನು ಮೆಟ್ಟಿಲು ಹತ್ತಿದೆ.

ಮೇಲಿನ ಕೋಣೆ ಸನ್ಮತಿಯದು; ಬಾಗಿಲು ತಟ್ಟಿದಾಗ ಅವನೇ ತೆರೆದ. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಇನ್ನೂ ತಿರುಗುತ್ತಿತ್ತು. ನನ್ನನ್ನು ನೋಡಿ ಅವನ ಕೈ ತಾನಾಗಿ ಜೇಬಿನ ಕಡೆ ಹೋಯಿತು. ನಾನು ಕೈ ಚಾಚಿದೆ. ಹೈಲೈಟರ್ ಪೆನ್ನಿನಷ್ಟು ಉದ್ದದ, ಹಳದಿ ಬಣ್ಣದ ಒಂದು ವಸ್ತುವನ್ನು ನನ್ನ ಅಂಗೈ ಮೇಲಿಟ್ಟ.

"ಇದು ಸಿಗರೇಟ್ ಅಲ್ರೀ ಮ್ಯಾಡಮ್. ಬರೇ ಫ್ಲೇವರ್. ಹಬಿ ಅಷ್ಟ."

ಇದು ವೇಪ್. ಒಳಗಿನ ದ್ರವವನ್ನು ಬ್ಯಾಟರಿ ಬಿಸಿ ಮಾಡುತ್ತದೆ, ಬರುವ ಹಬೆಯನ್ನು ಸೇದುತ್ತಾರೆ. ಹಣ್ಣಿನ ರುಚಿಯ ಜೊತೆ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ. ತಂಬಾಕಿಗೆ ಜನರನ್ನು ಅಂಟಿಸುವುದೂ ಅದೇ. ನಮ್ಮ ದೇಶದಲ್ಲಿ 2019ರಿಂದ ಇದರ ಮಾರಾಟಕ್ಕೆ ನಿಷೇಧವಿದೆ. ಆದರೂ ಹುಡುಗರಿಗೆ ಸಿಗುತ್ತದೆ.

ಯಾವಾಗಿನಿಂದ ಎಂದು ಕೇಳಿದೆ. ಮಳೆಗಾಲದಲ್ಲಿ ಖಾನಾಪುರದ ಹೊರಗೆ ಗೆಳೆಯನೊಬ್ಬನ ತೋಟದ ಮನೆಯಲ್ಲಿ ಹುಟ್ಟುಹಬ್ಬವಿತ್ತಂತೆ. ಮೊದಲು ಬಣ್ಣದ ಬಾಟಲಿಗಳು ಬಂದವು. "ಜ್ಯೂಸಿನಂಗ ಸಿಹಿ ಇತ್ರಿ. ಎರಡ ಕುಡದ ಮ್ಯಾಲ ಅದು ಶೆರೆ ಅಂತ ಹೇಳಿದ್ರು." ತಲೆ ತಿರುಗುತ್ತಿದ್ದಾಗ ಯಾರೋ ಕೈಗೆ ಇದನ್ನು ಕೊಟ್ಟರು. ಅವರ ಮನೆಯ ಮಕ್ಕಳಿಗೆ ಬಿಸ್ಕತ್ತಿನ ಪೊಟ್ಟಣ ಸಿಕ್ಕರೂ ತಿರುಗಿಸಿ ಹಸಿರು ಚುಕ್ಕೆ ನೋಡುವ ಅಭ್ಯಾಸ. ಸನ್ಮತಿ ಇದರ ಡಬ್ಬಿಯನ್ನೂ ತಿರುಗಿಸಿ ನೋಡಿದ್ದನಂತೆ. ಚುಕ್ಕೆ ಇರಲಿಲ್ಲ, ಮಾವಿನ ಹಣ್ಣಿನ ಚಿತ್ರ ಇತ್ತು. "ಅದಕ್ಕೇನಾಗತೈತಿ, ಹಣ್ಣಿಂದಲೇ, ವೆಜ್ ಐತಿ" ಎಂದರಂತೆ ಗೆಳೆಯರು. ನೆಲದಡಿ ಬೆಳೆದದ್ದೆಂದು ಆಲೂಗಡ್ಡೆಯನ್ನೂ ತಿನ್ನದ ಹುಡುಗ ಆ ಮಾತು ನಂಬಿದ್ದ.

"ಬಿಡಾಕ ನೋಡಿದ್ಯೇನು?"

"ದೀಪಾವಳಿಗೆ ಬಿಟ್ಟಿದ್ದೆ ಮ್ಯಾಡಮ್. ತಲಿ ಸಿಡೀತಿತ್ತು, ಓದಿದ್ದು ತಲಿಗೆ ಹತ್ತತಿರಲಿಲ್ಲ. ಮತ್ತ ಹಿಡಿದೆ. ಆಯಿ ಸ್ಕ್ಯಾನ್ ಆದಾಗಿಂದ ಭಾಳ ಆಗೈತಿ. ಆಕಿಗೆ ಏನರ ಆದೀತಂತ ಹೆದರಿಕಿ ಬರತೈತಿ. ಬಂದಾಗೊಮ್ಮೆ ಬಾತ್‌ರೂಮಿಗೆ ಹೋಗತೀನಿ."

ನಾನು ಅವನ ಮಂಚದ ಮೇಲೆ ಕುಳಿತುಬಿಟ್ಟೆ. ಆಯಿಗೆ ಏನಾಗುವುದೋ ಎಂದು ಇವನು ಸೇದುತ್ತಿದ್ದ. ಇವನು ಸೇದಿದ್ದಕ್ಕೆ ಆಯಿ ಊಟ ಬಿಡುತ್ತಿದ್ದರು. ಆಯಿ ಸೊರಗಿದ್ದನ್ನು ನೋಡಿ ಇವನು ಇನ್ನಷ್ಟು ಸೇದುತ್ತಿದ್ದ. ಒಂದೇ ಸೂರಿನಡಿ ಇಬ್ಬರೂ ತಮಗೇ ಗೊತ್ತಿಲ್ಲದೆ ಒಬ್ಬರಿಂದ ಒಬ್ಬರು ಸವೆಯುತ್ತಿದ್ದರು. ಇಬ್ಬರ ಗುಟ್ಟೂ ನನ್ನ ಹತ್ತಿರ ಇತ್ತು. ರೋಗಿ ನಂಬಿ ಹೇಳಿದ ಮಾತನ್ನು ಇನ್ನೊಬ್ಬರಿಗೆ ಹೇಳಕೂಡದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಆಯಿಯ ಮಾತನ್ನು ಮೊಮ್ಮಗನಿಗೆ ಹೇಳುವಂತಿಲ್ಲ. ಮೊಮ್ಮಗನದನ್ನು ಅವನು ಒಪ್ಪದೆ ಆಯಿಗೆ ಹೇಳಲು ನನಗೂ ಮನಸ್ಸಿರಲಿಲ್ಲ. ನಾನು ಹೇಳಿದರೆ ಅದು ಚಾಡಿಯಾಗುತ್ತದೆ, ಅವನೇ ಹೇಳಿದರೆ ಅದರ ತೂಕವೇ ಬೇರೆ.

"ಮಮ್ಮಿಗೆ ಹೇಳಬ್ಯಾಡ್ರಿ ಮ್ಯಾಡಮ್," ಎಂದ.

"ಇವತ್ತ ನಾ ಏನೂ ಹೇಳಂಗಿಲ್ಲ. ಒಂದ ಕೆಲಸಾ ಮಾಡು. ಆಯಿಗೆ ಎಂಥಾ ವಾಸನಿ ಬರತೈತಿ ಅಂತ ನೀನ ಹೋಗಿ ಕೇಳು."

"ನೀವ ಹೇಳ್ರಿ."

"ಅದು ನಾ ಹೇಳೂ ಮಾತಲ್ಲ ತಮ್ಮಾ."

ವೇಪನ್ನು ಅವನ ಮೇಜಿನ ಮೇಲಿಟ್ಟು ಕೆಳಗಿಳಿದೆ. ಅವನು ಬರುತ್ತಾನೋ ಇಲ್ಲವೋ ಎಂದು ನನಗೇ ಅನುಮಾನವಿತ್ತು. ಬಂದ. ಆಯಿಯ ಕಾಲಬಳಿ ಕುಳಿತು ಕೇಳಿದ. ಆಯಿ ನನ್ನ ಮುಖ ನೋಡಿದರು. ನಾನು ಏನನ್ನೂ ಹೇಳಿಲ್ಲವೆಂದು ತಲೆಯಲ್ಲಾಡಿಸಿದೆ. ಕೊನೆಗೆ ಬಹಳ ಸಣ್ಣ ದನಿಯಲ್ಲಿ ಹೇಳಿದರು: "ಮಾವಿನ ಹಣ್ಣಿಂದು."

ಸನ್ಮತಿ ಎದ್ದು ಹೊರಟೇಹೋದ. ಓಡಿಹೋದನೆಂದೇ ನಾನು ತಿಳಿದೆ. ಮೆಟ್ಟಿಲು ಹತ್ತಿದ ಸದ್ದು, ಮತ್ತೆ ಇಳಿದ ಸದ್ದು ಕೇಳಿಸಿತು. ಬಂದವನು ಆ ಹಳದಿ ವಸ್ತುವನ್ನು ಆಯಿಯ ಕೈಯಲ್ಲಿಟ್ಟ. ಅವರು ಅದನ್ನು ಮೂಗಿಗೆ ಹಿಡಿದರು.

"ಆ ವಾಸನಿ ಇದರದ ಏನು?"

"ಇದರದ, ಆಯಿ. ನಾ ಸೇದತೀನಿ."

"ಅಂದ್ರ ಇದು ನನ್ನ ಮನಸಲ್ಲ," ಎಂದರು ಆಯಿ. ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಹೊತ್ತಿದ್ದ ಭಾರ ಇಳಿದ ನೀರು ಅದು. ಅದು ನಿಂತ ಮೇಲೆ ಸಂಜೆಯ ಊಟ ಏಕೆ ಬಿಡುತ್ತಿದ್ದರೆಂದು ಮೊಮ್ಮಗನಿಗೆ ಹೇಳಿದರು. ಅವನು ಅವರ ಮೊಣಕಾಲಿಗೆ ಮುಖ ಒತ್ತಿ ಅತ್ತ. ಆಮೇಲೆ ಯಾರೂ ಕೇಳದಿದ್ದರೂ ಖಾನಾಪುರದ ಬಾಟಲಿಗಳ ವಿಷಯವನ್ನೂ ಹೇಳಿದ; ಮೊದಲ ಸಲ ಗೊತ್ತಿಲ್ಲದೆ ಕುಡಿದದ್ದು, ಆಮೇಲೆ ಎರಡು ಸಲ ಗೊತ್ತಿದ್ದೇ ಕುಡಿದದ್ದು. ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟ ಮನೆ ಅದು; ಕೆಮ್ಮಿಗೆ ಜೇನುತುಪ್ಪ ಹಾಕಿ ಕೊಡಿ ಎಂದು ನಾನು ಅಲ್ಲಿ ಹೇಳುವಂತಿಲ್ಲ. ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ತ್ರಿಶಲಾ ಎಲ್ಲವನ್ನೂ ಕೇಳಿಸಿಕೊಂಡಳು.

ಕೊನೆಗೆ ಆಯಿ ಬೆನ್ನು ನೆಟ್ಟಗೆ ಮಾಡಿ ಕುಳಿತರು. "ಆತು. ಇನ್ನ ಮ್ಯಾಲ ನೀ ಸೇದಿದ ದಿನಾ ನಾ ಉಣ್ಣಂಗಿಲ್ಲ."

ನನಗೆ ಸಿಟ್ಟು ಬಂತು. ನನ್ನ ತಾಯಿಯ ವಯಸ್ಸಿನವರ ಮುಂದೆ ದನಿ ಏರಿಸಿದೆ.

"ಹಂಗ ಮಾಡಿದ್ರ ಅವ ಸೇದೂದು ಬಿಡಂಗಿಲ್ರಿ ಆಯಿ, ಹೇಳೂದು ಬಿಡತಾನ. ವಾಸನಿ ಇಲ್ಲದ್ದು ಯಾವುದರ ಹುಡುಕತಾನ. ಬಿಡೂವಾಗ ಒಂದೆರಡ ಸಲ ಕಾಲ ಜಾರೂದು ಈ ಚಟದಾಗ ಇದ್ದದ್ದ. ಜಾರಿದಾಗ ನಿಮ್ಮ ಹಂತ್ಯಾಕ ಬರಬೇಕು ಅವ, ನಿಮ್ಮನ್ನ ಕಂಡು ಓಡಬಾರದು."

ಆಯಿ ಕಿಟಕಿಯ ಕಡೆ ನೋಡಿದರು. ಬೆಳಕು ಇಳಿಯುತ್ತಿತ್ತು.

"ಹಂಗಾರ ನಾ ಏನ್ ಮಾಡ್ಲ್ರಿ?"

"ಊಟಾ ಮಾಡ್ರಿ. ವಾಸನಿ ಬಂದ್ರ ಬಾಯಿಬಿಟ್ಟು ಕೇಳ್ರಿ."

ಹೊತ್ತು ಮುಳುಗಲು ಸ್ವಲ್ಪವೇ ಉಳಿದಿತ್ತು. ತ್ರಿಶಲಾ ಕಣ್ಣೊರೆಸಿಕೊಂಡು ರೊಟ್ಟಿ, ಹೆಸರುಬೇಳೆ ತಂದಿಟ್ಟಳು. ಆಯಿ ನಿಧಾನವಾಗಿ ತಟ್ಟೆ ಖಾಲಿ ಮಾಡಿದರು. ಸನ್ಮತಿ ಪಕ್ಕದಲ್ಲಿ ಕುಳಿತು ಅವರ ಒಂದೊಂದು ತುತ್ತನ್ನೂ ನೋಡುತ್ತಿದ್ದ.

ಅಂಗಡಿಯಿಂದ ಬಂದ ಭರತೇಶರಿಗೆ ಸನ್ಮತಿಯೇ ಹೇಳಿದನಂತೆ. ಅವರು ಕೈಯೆತ್ತಿದಾಗ ಆಯಿ ನಡುವೆ ಬಂದು, "ಹೊಡದ್ರ ನಾಳೆ ಇನ್ನೊಂದು ಕದಾ ಹಾಕ್ಕೊಂತಾನ, ಬಿಡು" ಎಂದರಂತೆ. ಬೆಳಿಗ್ಗೆ ತಂದೆ-ಮಗ ಇಬ್ಬರೂ ದವಾಖಾನೆಗೆ ಬಂದರು. ಹದಿಹರೆಯದವರ ಚಟ ಬಿಡಿಸುವ ಆಪ್ತಸಮಾಲೋಚಕರ ಬಳಿ ಕಳಿಸಿದೆ. ಮೊದಲ ವಾರಗಳಲ್ಲಿ ತಲೆನೋವು, ನಿದ್ದೆಗೇಡು, ಸಣ್ಣದಕ್ಕೂ ರೇಗಾಟ. ಇದು ದೇಹ ನಿಕೋಟಿನ್ ಕೇಳುವ ರೀತಿ, ಹುಡುಗನ ಕೊಬ್ಬಲ್ಲ ಎಂದು ಆ ಮನೆಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಭರತೇಶರಿಗೆ ಅದು ಅರ್ಥವಾಗಲು ಎಲ್ಲರಿಗಿಂತ ಹೆಚ್ಚು ಸಮಯ ಹಿಡಿಯಿತು.

ಪರೀಕ್ಷೆ ಮುಗಿದ ಮೇಲೆ ಸನ್ಮತಿ ಒಮ್ಮೆ ಜಾರಿದ. ಅದೇ ಗೆಳೆಯರು, ಅದೇ ಖಾನಾಪುರದ ತೋಟ. ಬಾಟಲಿ ಮುಟ್ಟಲಿಲ್ಲ, ಆದರೆ ಬರುವಾಗ ಜೇಬಿನಲ್ಲಿ ಒಂದು ವೇಪ್ ಇತ್ತು. ಮರುದಿನ ಸಂಜೆ ಆಯಿ ಉಣ್ಣುತ್ತಿದ್ದಾಗ ಕಿಟಕಿಯಿಂದ ವಾಸನೆ ಬಂತು. ಅಲ್ಲಿಂದಲೇ ಕೂಗಿ ಕೇಳಿದರು: "ಸನ್ಮತಿ, ಹಣ್ಣೋ, ನೀನೋ?" ಫ್ಯಾನ್ ನಿಂತಿತು. ಆಮೇಲೆ ಮೇಲಿನಿಂದ, "ನಾನ, ಆಯಿ." ಆಯಿ ಊಟ ಮುಗಿಸಿದರು, ಕೈ ತೊಳೆದರು, ನೋಯುವ ಮೊಣಕಾಲಿನಲ್ಲಿ ಮೆಟ್ಟಿಲು ಹತ್ತಿ ಹೋಗಿ ಅವನ ಪಕ್ಕ ಕುಳಿತರು. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. "ಪಪ್ಪಾ ಹೊಡದಿದ್ರ ಹಗುರ ಆಗತಿತ್ತು ಮ್ಯಾಡಮ್" ಎಂದು ಸನ್ಮತಿ ನನ್ನ ಮುಂದೆ ಹೇಳಿಕೊಂಡ. ಆ ವೇಪನ್ನು ಅವನೇ ತಂದು ನನ್ನ ಮೇಜಿನ ಮೇಲಿಟ್ಟಿದ್ದ.

ಇದಾದ ಮೇಲೆ ನನ್ನ ಕೆಲಸದ ರೀತಿ ಸ್ವಲ್ಪ ಬದಲಾಗಿದೆ. ಯಾರಾದರೂ ವಿಚಿತ್ರವಾದದ್ದನ್ನು ಹೇಳಿದರೆ ತಲೆಯ ಸ್ಕ್ಯಾನ್ ಬರೆಯುವ ಮೊದಲು, ಮನೆಯಲ್ಲಿ ಬೇರೆ ಯಾರಿಗೆ ಹೀಗಾಗುತ್ತದೆ ಎಂದು ಕೇಳುತ್ತೇನೆ. ಸಾಧ್ಯವಾದರೆ ಆ ಮನೆಗೆ ಹೋಗಿ ಕೂರುತ್ತೇನೆ. ಹದಿನೇಳರ ಹುಡುಗನಿರಲಿ, ಎಪ್ಪತ್ತನಾಲ್ಕರ ಅಜ್ಜಿಯಿರಲಿ, ನಾಚಿಕೆಯಿಂದ ಬಾಗಿಲು ಹಾಕಿಕೊಂಡವರಿಗೆ ನನ್ನ ಔಷಧಕ್ಕಿಂತ ಮೊದಲು ಬೇಕಾದದ್ದು, ಸಿಟ್ಟಿಲ್ಲದೆ ಒಂದು ಪ್ರಶ್ನೆ ಕೇಳುವ ಮನುಷ್ಯ.

ಮೇ ತಿಂಗಳಲ್ಲಿ ಆಯಿಯ ಬಿ.ಪಿ. ನೋಡಲು ಹೋದೆ. ತೂಕ ಐವತ್ತೊಂದಕ್ಕೆ ಬಂದಿತ್ತು. ಭರತೇಶರು ಆಪೂಸಿನ ಪೆಟ್ಟಿಗೆ ತಂದಿದ್ದರು, ಮನೆಯೆಲ್ಲ ಅದೇ ವಾಸನೆ. ಆ ವರ್ಷ ಸನ್ಮತಿ ಮಾವಿನ ಹಣ್ಣು ಮುಟ್ಟಿರಲಿಲ್ಲ. ಆ ರುಚಿ ನಾಲಿಗೆಗೆ ತಗುಲಿದರೆ ಕೈ ಜೇಬಿಗೆ ಹೋಗುತ್ತದೆ ಎಂದು ತಾನಾಗಿಯೇ ಬಿಟ್ಟಿದ್ದ. "ಮನ್ಯಾಗ ಬಿಟ್ಟಾವರು ಇಬ್ಬರಾದ್ವಿ. ಈ ಪೆಟಿಗಿ ಖಾಲಿ ಮಾಡೂ ಕೆಲಸ ನಿಮ್ಮದ್ರಿ ಬಾಯಾರ," ಎಂದು ನಗುತ್ತ ಆಯಿ ನನ್ನನ್ನು ಕೂರಿಸಿದರು.

ತ್ರಿಶಲಾ ಹಣ್ಣು ಹೆಚ್ಚಿ ತಟ್ಟೆಯಲ್ಲಿ ತಂದಿಟ್ಟಳು. ಕಿಟಕಿಯಿಂದ ಗಾಳಿ ಬಂತು. ಆಯಿ ಒಮ್ಮೆ ಮೂಗೆಳೆದುಕೊಂಡು ಮೇಲಕ್ಕೆ ಮುಖ ಮಾಡಿದರು.

"ಸನ್ಮತಿ, ಹಣ್ಣೋ, ನೀನೋ?"

"ಹಣ್ಣು, ಆಯಿ."

"ಹಣ್ಣಂತ್ರಿ," ಎಂದು ಆಯಿ ತಟ್ಟೆಯನ್ನು ನನ್ನ ಕಡೆ ಸರಿಸಿದರು.